ಅರವತ್ತೊಂದರ ಮುಂದಿನ ಅಂಕಿ

ಅಂದಾನೆಪ್ಪ ತನ್ನ ಮೂವತ್ತೊಂಬತ್ತು ವರ್ಷಗಳ ನೌಕರಿಯಲ್ಲಿ ಸಾವಿರಾರು ಅಂಕಿಗಳನ್ನು ಬರೆದಿದ್ದ. ಅವುಗಳಲ್ಲಿ ಸುಳ್ಳು ಅಂಕಿ ಒಂದೇ ಒಂದು. ಅದು ಕಾಲೇಜಿನ ಕ್ರೀಡಾ ಕೋಣೆಯ ಹಸಿರು ಟ್ರಂಕಿನ ತಳದಲ್ಲಿತ್ತು, 1993ರ ಜನವರಿಯ ಒಂದು ಸ್ಕೋರ್ ಹಾಳೆಯಲ್ಲಿ, ಅರವತ್ತೊಂದರ ಮುಂದೆ. ಅಲ್ಲಿ ಏಳು ಎಂದು ಬರೆದಿತ್ತು. ಬರೆದವನು ಅವನೇ. ಅದು ಏಳಲ್ಲ ಎಂದು ಗೊತ್ತಿದ್ದವನೂ ಅವನೊಬ್ಬನೇ.

ನರೇಗಲ್ಲಿನಿಂದ ಗಜೇಂದ್ರಗಡಕ್ಕೆ ಹೋಗುವ ರಸ್ತೆಯಲ್ಲಿ, ಗುಡ್ಡದ ಸಾಲು ಕಾಣಿಸತೊಡಗುವ ಕಡೆ, ಬಲಕ್ಕೆ ಆ ಕಾಲೇಜು. ಹಲಗೆಯ ಮೇಲೆ ಉದ್ದನೆಯ ಹೆಸರಿದ್ದರೂ ಜನ ಅದನ್ನು ಗುಡ್ಡದ ಕಾಲೇಜು ಎಂದೇ ಕರೆಯುತ್ತಾರೆ. ಅಂದಾನೆಪ್ಪ ಜಕ್ಕಲಿಯವನು. ಅಲ್ಲೇ ಪಿಯುಸಿ ಎರಡನೆಯ ವರ್ಷ ಓದುತ್ತಿದ್ದಾಗ ತಂದೆ ಮೇವಿನ ಬಣವೆಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡರು, ಇವನ ಓದು ನಿಂತಿತು. ಮೂರು ವರ್ಷ ಹೊಲ ನೋಡಿಕೊಂಡು, 1986ರಲ್ಲಿ ಅದೇ ಕಾಲೇಜಿಗೆ ಸಿಪಾಯಿಯಾಗಿ ಬಂದ. ಜೊತೆಯಲ್ಲಿ ಓದಿದವರು ಒಳಗೆ ಡಿಗ್ರಿಯ ಕೊನೆಯ ವರ್ಷದ ಬೆಂಚಿನ ಮೇಲೆ ಕೂತಿರುವಾಗ ತಾನು ಹೊರಗೆ ನಿಂತು ಗಂಟೆ ಬಾರಿಸಲು ಅವನಿಗೆ ಬಹಳ ನಾಚಿಕೆಯಾಗುತ್ತಿತ್ತು. ಆದ್ದರಿಂದ ಕಟ್ಟಡದ ಹಿಂದಿನ ಕ್ರೀಡಾ ಕೋಣೆಗೆ ಹಾಕಿದಾಗ, ಶಿಕ್ಷೆಯೆಂದು ಉಳಿದವರು ನಕ್ಕರೂ, ಅವನ ಎದೆ ಹಗುರಾಯಿತು.

ಆ ಕೋಣೆಯ ಒಡೆಯರು ದೈಹಿಕ ಶಿಕ್ಷಣದ ಪ್ರಭುಲಿಂಗಪ್ಪ ಸರ್. ಅವರು 1981ರಲ್ಲಿ ಈ ಸೀಮೆಗೆ ಬಾಸ್ಕೆಟ್‌ಬಾಲ್ ತಂದಾಗ ಜನಕ್ಕೆ ಗೊತ್ತಿದ್ದದ್ದು ಕಬಡ್ಡಿ, ಖೋಖೋ, ಕುಸ್ತಿ ಅಷ್ಟೇ. ಅಂಗಳದಲ್ಲಿ ಎರಡು ಕಂಬ ನೆಟ್ಟು ಹುಡುಗರನ್ನು ಓಡಿಸತೊಡಗಿದರೆ, ಬೇಲಿಯ ಆಚೆ ಎತ್ತು ನಿಲ್ಲಿಸಿದ ರೈತರು ಕೇಳುತ್ತಿದ್ದರು:

“ಅಲ್ರೀ ಮಾಸ್ತರ, ಇಷ್ಟ ದೊಡ್ಡ ದೊಡ್ಡ ಗಂಡ ಹುಡುಗರು ತಳಾ ಇಲ್ಲದ ಪುಟ್ಟ್ಯಾಗ ಚೆಂಡ ಒಗಿಯಾಕ ಹತ್ಯಾರಲ್ಲ, ಅದು ತುಂಬೂದ ಯಾವಾಗ್ರೀ?”

ಉಂಗುರ ಮಾಡಿಕೊಟ್ಟವನು ನರೇಗಲ್ಲಿನ ವೆಲ್ಡಿಂಗ್ ಖಾದರ. ಹದಿನೆಂಟು ಇಂಚು ಅಗಲ ಎಂದು ಸರ್ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಖಾದರ ಹದಿನೆಂಟು ಇಂಚನ್ನು ಸರಳಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದ. ಹೀಗಾಗಿ ಒಳಗೆ ಎರಡು ಬೆರಳು ಕಡಿಮೆ ಬಿತ್ತು. ಎರಡು ವರ್ಷ ಯಾರಿಗೂ ತಿಳಿಯಲಿಲ್ಲ. ಆಡಲು ಬಂದ ಗದಗಿನ ತಂಡದವರು ಚೆಂಡು ಒಳಗೆ ಹೋಗುತ್ತಿಲ್ಲವೆಂದು ಜಗಳ ತೆಗೆದಾಗ ಟೇಪು ಹಿಡಿದು ನೋಡಿದರು. ಖಾದರನನ್ನು ಕರೆಸಿದರು.

“ಸರ, ಹದಿನೆಂಟಂದ್ರಿ. ಒಳಗೋ ಹೊರಗೋ ಅಂದ್ರೇನು? ನಾ ಬಾವಿ ಗಡಗಡಿ ಮಾಡಾಂವ. ಗಡಗಡಿ ಹೊರಗಿಂದನ ಅಳಿಯೂದು,” ಎಂದ ಖಾದರ.

ಪ್ರಭುಲಿಂಗಪ್ಪ ಸರ್ ಮೇಲೆ ಉಂಗುರದ ಕಡೆ ನೋಡಿ, “ಇರಲಿ ಬಿಡ,” ಎಂದರು. ಆ ಕಿರಿದಾದ ಉಂಗುರದಲ್ಲಿ ದಿನವೂ ಚೆಂಡು ಹಾಕಿ ಕೈ ಪಳಗಿದ ಹುಡುಗರು ಹೊರಗಿನ ಊರಿಗೆ ಹೋದರೆ ಅಲ್ಲಿನ ಉಂಗುರ ಅವರಿಗೆ ಬಾವಿಯ ಬಾಯಿಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಗುಡ್ಡದ ಕಾಲೇಜಿನವರ ಕೈ ತಪ್ಪುವುದಿಲ್ಲ ಎಂಬ ಮಾತು ಹುಟ್ಟಿದ್ದು ಹಾಗೆ.

ಅಂದಾನೆಪ್ಪನ ಅಕ್ಷರ ದುಂಡಗಿದ್ದುದನ್ನು ನೋಡಿ ಸರ್ ಅವನಿಗೆ ಸ್ಕೋರ್ ಬರೆಯುವುದನ್ನು ಕಲಿಸಿದರು. ಹಾಳೆಯ ಎಡಕ್ಕೆ ಆಟಗಾರರ ಹೆಸರು, ಅವರ ಬನಿಯನ್ನಿನ ನಂಬರು. ನಂಬರು ನಾಲ್ಕರಿಂದ ಹದಿನೈದರವರೆಗೆ. ಒಂದು, ಎರಡು, ಮೂರು ಅಂಪೈರನ ಬೆರಳ ಸನ್ನೆಗೆ ಬೇಕಾಗುತ್ತವೆ. ಹೆಸರಿನ ಪಕ್ಕದಲ್ಲಿ ಒಂದು ಸಣ್ಣ ಚೌಕ. ಆಟಗಾರ ಅಂಗಳಕ್ಕೆ ಇಳಿದಾಗ ಅಲ್ಲಿ ಗುರುತು ಹಾಕಬೇಕು. ಬಲಕ್ಕೆ ಒಂದರಿಂದ ಮೇಲಕ್ಕೆ ಸಾಲಾಗಿ ಅಂಕಿಗಳು. ಚೆಂಡು ಉಂಗುರದಲ್ಲಿ ಬಿದ್ದಂತೆ ತಂಡದ ಮೊತ್ತ ಎಷ್ಟಾಯಿತೋ ಆ ಅಂಕಿಯನ್ನು ಹೊಡೆದು, ಅದರ ಮುಂದೆ ಚೆಂಡು ಹಾಕಿದವನ ನಂಬರು ಬರೆಯಬೇಕು.

“ನೋಡು ಅಂದಾನಿ, ಆಡಾಂವ ತಪ್ಪಬಹುದು, ಅಂಪೈರ ತಪ್ಪಬಹುದು, ಹಾಳಿ ತಪ್ಪಬಾರದು,” ಎಂದಿದ್ದರು ಸರ್. “ಕಂಡದ್ದಷ್ಟ ಬರಿ. ನಿನ್ನ ಕೈ ತಪ್ತಂದ್ರ ಕೆರಿಬ್ಯಾಡ. ಅದರ ಮ್ಯಾಲ ಒಂದ ಗೆರಿ ಎಳಿ, ಬಾಜೂಕ ಖರೇದ್ದು ಬರಿ, ಸಹಿ ಮಾಡು. ಜನಾ ನಿನ್ನ ತಪ್ಪೂ ನೋಡ್ಲಿ, ಖರೇದ್ದೂ ನೋಡ್ಲಿ.”

ಈ ಮಾತನ್ನು ಅಂದಾನೆಪ್ಪ ಒಂದೇ ಸಲ ಮುರಿದ.

ಕೊಟ್ರೇಶ ಲಕ್ಕಲಕಟ್ಟಿಯ ಹುಡುಗ. ನಂಬರು ಒಂಬತ್ತು. ಬೆಳಿಗ್ಗೆ ಸೈಕಲ್ ಹೊಡೆದುಕೊಂಡು ಬರುತ್ತಿದ್ದ, ಸಂಜೆ ಹೋಗುತ್ತಿದ್ದ, ನಡುವೆ ಹತ್ತು ಮಾತಾಡಿದರೆ ಹೆಚ್ಚು. ಅಂಗಳದ ಎಡ ಮೂಲೆಯಲ್ಲಿ ಒಂದು ಜಾಗ ಅವನದು. ಅಲ್ಲಿ ಅವನ ಕೈಗೆ ಚೆಂಡು ಸಿಕ್ಕರೆ ಮುಗಿಯಿತು. ಎಡ ಮೂಲೆಯಿಂದ ಚೆಂಡು ಎದ್ದರೆ ಸಾಕು, ಅದು ಬೀಳುವ ಮೊದಲೇ ಅಂದಾನೆಪ್ಪನ ಪೆನ್ನು ಒಂಬತ್ತು ಬರೆಯಲು ಶುರುಮಾಡುತ್ತಿತ್ತು. ಮೂರು ವರ್ಷ ಹೀಗೆ ಬರೆದು ಬರೆದು ಅವನ ಕೈಗೇ ಆ ರೂಢಿ ಆಗಿತ್ತು.

1993ರ ಜನವರಿಯಲ್ಲಿ ತಂಡ ಮೊದಲ ಸಲ ಅಂತರಕಾಲೇಜು ಪಂದ್ಯಾವಳಿಯ ಫೈನಲಿಗೆ ಬಂತು. ಆಟ ಧಾರವಾಡದಲ್ಲಿ. ಅಷ್ಟರಲ್ಲಿ ಕೊಟ್ರೇಶನಿಗೆ ಕಾಮಾಲೆಯಾಯಿತು. ಹೊರಡುವ ಹಿಂದಿನ ದಿನ ಅಂದಾನೆಪ್ಪ ಲಕ್ಕಲಕಟ್ಟಿಗೆ ಹೋಗಿ ನೋಡಿದ. ಹುಡುಗನ ಕಣ್ಣು ಅರಿಸಿನ ತೊಡೆದಂತೆ ಇದ್ದವು. ತಲೆಯ ಮೇಲಿನ ಗೂಟದಲ್ಲಿ ಒಂಬತ್ತರ ಬನಿಯನ್ನು ಬೆಳ್ಳಗೆ ಒಗೆದು ತೂಗುಹಾಕಿತ್ತು.

“ಅಂದಾನಣ್ಣ, ಯಾದ್ಯಾಗ ನನ್ನ ಹೆಸರ ಹೊಡಿಬ್ಯಾಡ್ರಿ. ನಾ ಬರ್ತೀನಿ.”

“ಮೊದ್ಲ ಆರಾಮ ಆಗೋ ಮಾರಾಯಾ. ಹೆಸರೆಲ್ಲಿ ಹೋಗತೈತಿ, ಇರತೈತಿ.”

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ತಂಡ ಹೊರಟಿತು. ಕೊಟ್ಟ ಮಾತಿನಂತೆ ಅಂದಾನೆಪ್ಪ ಕೊಟ್ರೇಶನ ಹೆಸರನ್ನು ಹಾಳೆಯಲ್ಲಿ ಬರೆದ. ಪಕ್ಕದ ಚೌಕ ಖಾಲಿ ಇತ್ತು.

ಧಾರವಾಡದ ಆ ಅಂಗಳಕ್ಕೆ ಇಟ್ಟಿಗೆಯ ಪುಡಿ ಹಾಕಿ ರೋಲರ್ ಎಳೆದಿದ್ದರು. ನಾಲ್ಕು ಗಂಟೆಗೆ ಆಟ ಶುರುವಾದಾಗ ಗಾಳಿ ಎದ್ದು ಎಲ್ಲರ ಮೈ ಕೆಂಪಾಯಿತು. ಅಂದಾನೆಪ್ಪನ ಬಿಳಿ ಪೈಜಾಮದ ಅಂಚಿಗೆ ಹತ್ತಿದ ಆ ಕೆಂಪು ಮುಂದೆ ಮೂರು ಸಲ ಒಗೆದರೂ ಹೋಗಲಿಲ್ಲ. ಕೊನೆಯ ನಿಮಿಷಕ್ಕೆ ಅವರು ಅರವತ್ತು, ಇವರು ಐವತ್ತೊಂಬತ್ತು. ಜನ ಗೆರೆ ದಾಟಿ ಒಳಗೆ ನುಗ್ಗಿದ್ದರು. ಉಂಗುರದ ಕೆಳಗೆ ನಾಲ್ಕೈದು ಜನ ಒಬ್ಬರ ಮೇಲೊಬ್ಬರು ಬಿದ್ದರು. ಧೂಳಿನೊಳಗಿಂದ ಎಡ ಮೂಲೆಯಲ್ಲಿ ಒಂದು ಕೈ ಎದ್ದಿತು. ಚೆಂಡು ಬಂತು, ಉಂಗುರಕ್ಕೆ ತಾಗದೆ ಒಳಗಿಳಿಯಿತು. ಕೊನೆಯ ಸೀಟಿ ಕೇಳಿಸಿತು.

ಅಂದಾನೆಪ್ಪ ಅರವತ್ತೊಂದನ್ನು ಹೊಡೆದು ಮುಂದೆ ನಂಬರು ಬರೆದ. ಏನು ಬರೆದೆನೆಂದು ನೋಡಲಿಲ್ಲ. ಅಷ್ಟರಲ್ಲಿ ಜನ ಮೇಜನ್ನೇ ಎತ್ತಿದ್ದರು. ಹುಡುಗರು ಕ್ಯಾಪ್ಟನ್ ಸಂಗನಬಸವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು. ಅಂಪೈರ್ ಅವಸರದಲ್ಲಿ ಮೊತ್ತ ನೋಡಿ ಸಹಿ ಹಾಕಿದ. ಗೆದ್ದವರೇ ಹಾಳೆ ಒಯ್ಯುವ ಪದ್ಧತಿ ಆಗ. ಅಂದಾನೆಪ್ಪ ಅದನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡ.

ಮರುದಿನ ಹನ್ನೊಂದಕ್ಕೆ ಗೆದ್ದ ಕಪ್ಪು ಹಿಡಿದುಕೊಂಡು ಬಸ್ಸಿಳಿದರೆ ನಿಲ್ದಾಣದಲ್ಲಿ ಖಾದರ ನಿಂತಿದ್ದ. ಅವನು ಕಪ್ಪನ್ನು ನೋಡಲಿಲ್ಲ. ಕೊಟ್ರೇಶ ತೀರಿಹೋಗಿದ್ದ. ಯಾವಾಗ ಎಂದು ಸರ್ ಕೇಳಿದರು.

“ನಿನ್ನೆರೀ ಸರ. ಮುಂಜಾನೆ ಹತ್ತಕ್ಕ. ಸಂಜಿಗೆ ಮಣ್ಣೂ ಕೊಟ್ರು.”

ಮಧ್ಯಾಹ್ನ ಕ್ರೀಡಾ ಕೋಣೆಯಲ್ಲಿ ಒಬ್ಬನೇ ಕೂತು ಅಂದಾನೆಪ್ಪ ಹಾಳೆ ಬಿಚ್ಚಿದ. ಅರವತ್ತೊಂದರ ಮುಂದೆ ಒಂಬತ್ತು ಇತ್ತು. ತನ್ನದೇ ದುಂಡಗಿನ ಒಂಬತ್ತು. ಎಡ ಮೂಲೆ ಎಂದ ಕೂಡಲೇ ಕೈ ತಾನಾಗಿ ಬರೆದಿರಬೇಕು, ಬೇರೆಯವನ ಹೆಸರಿಗೆ ಹೋಗಬೇಕಾದದ್ದು ಇದು ಎಂದುಕೊಂಡ. ಯಾರ ಹೆಸರಿಗೆ? ಅವನು ಆ ಕೈಯನ್ನು ಮತ್ತೆ ನೆನಪಿಗೆ ತಂದುಕೊಂಡ. ತೆಳ್ಳಗಿನ ಕೈ. ಬೇರೆ ಯಾರದೂ ನೆನಪಿಗೆ ಬರಲಿಲ್ಲ. ಎದ್ದು ಬಾಗಿಲು ಹಾಕಿದ. ಗಡ್ಡದ ಬ್ಲೇಡಿನಿಂದ ಒಂಬತ್ತನ್ನು ಕೆರೆದ, ಆ ಜಾಗದಲ್ಲಿ ಏಳು ಬರೆದ. ಏಳು ಎಂದರೆ ಸಂಗನಬಸವ. ಹೇಗೂ ತಂಡವೆಲ್ಲ ಅವನನ್ನೇ ಹೊತ್ತು ಕುಣಿದಿತ್ತು.

ಆಮೇಲೆ ತಂಡದ ಕತೆ ಎಲ್ಲ ತಂಡಗಳ ಕತೆಯಂತೆ ನಡೆಯಿತು. ಒಂಬತ್ತರ ನಂಬರನ್ನು ಮತ್ತೆ ಯಾರಿಗೂ ಕೊಡಲಿಲ್ಲ. ಅಭ್ಯಾಸಕ್ಕೆ ಮೊದಲು ಹುಡುಗರು ಸಾಲಾಗಿ ನಿಂತು ತಮ್ಮ ತಮ್ಮ ನಂಬರು ಕೂಗುವಾಗ, ಎಂಟು ಆದ ಮೇಲೆ ಒಂದು ಉಸಿರಿನಷ್ಟು ಸುಮ್ಮನಿದ್ದು ಹತ್ತು ಎನ್ನುವ ರೂಢಿ ಬಂತು. ಯಾರೂ ಹೇಳಿಕೊಟ್ಟದ್ದಲ್ಲ. ಕೊಟ್ರೇಶನನ್ನು ನೋಡಿರದ ಹುಡುಗರೂ ಹಾಗೇ ಮಾಡಿದರು. 2001ರಲ್ಲಿ ಒಮ್ಮೆ ಸೆಮಿಫೈನಲ್ಲಿನವರೆಗೆ ಹೋದರು. 2009ರಲ್ಲಿ ತಂಡಕ್ಕೆ ಸಾಕಷ್ಟು ಜನ ಕೂಡಲಿಲ್ಲ. ಪ್ರಭುಲಿಂಗಪ್ಪ ಸರ್ ನಿವೃತ್ತರಾಗಿ ತೀರಿಕೊಂಡರು. ಅವರ ಜಾಗಕ್ಕೆ ಸಂಗನಬಸವನೇ ಬಂದ. ಕ್ರೀಡಾ ಕೋಣೆಯ ಗೋಡೆಯ ಮೇಲೆ, ‘ಕೊನೆಯ ಕ್ಷಣದ ಬಾಸ್ಕೆಟ್, ನಾಯಕ ಸಂಗನಬಸವ’ ಎಂದು ಎಣ್ಣೆ ಬಣ್ಣದಲ್ಲಿ ಬರೆಸಿದ್ದರು. ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿಯ ಫ್ಯಾನುಗಳು ನಿಂತು, ಅವುಗಳ ಸದ್ದು ಇಡೀ ದಿನ ಅಂಗಳದ ಮೇಲೆ ಬೀಳತೊಡಗಿತು.

ಅಂಗಳದ್ದು ಎರೆಯ ಕರಿ ನೆಲ. ಬೇಸಿಗೆಯಲ್ಲಿ ಬಿರುಕು ಬಿಡುತ್ತಿತ್ತು. ಅಂದಾನೆಪ್ಪ ಪ್ರತಿ ವರ್ಷ ಗರಸು ಮಣ್ಣು ತಂದು ಬಿರುಕು ತುಂಬುತ್ತಿದ್ದ. ಎಲ್ಲ ಬಿರುಕು ಮುಚ್ಚುತ್ತಿದ್ದವು, ಎಡ ಮೂಲೆಯದೊಂದು ಬಿಟ್ಟು. ಅಲ್ಲಿ ಚೆಂಡು ಬಡಿದರೆ ಪುಟಿಯುತ್ತಿರಲಿಲ್ಲ, ಯಾರೋ ಅಂಗೈಯಲ್ಲಿ ಹಿಡಿದು ಇಟ್ಟಂತೆ ನೆಲದಲ್ಲೇ ಕೂರುತ್ತಿತ್ತು.

ಇನ್ನೊಂದು ಸಂಗತಿಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಹಾಳೆಯ ಮೇಲಿನ ಏಳು ನಿಲ್ಲುತ್ತಿರಲಿಲ್ಲ. ಉಳಿದ ಅಂಕಿಗಳೆಲ್ಲ ಬರೆದ ದಿನ ಇದ್ದಂತೆಯೇ ಇದ್ದವು, ಅದೊಂದು ಮಾತ್ರ ಮಾಸಿಹೋಗುತ್ತಿತ್ತು. 1998ರಲ್ಲಿ ಅದರ ಮೇಲೆ ಮತ್ತೆ ಬರೆದ. 2007ರಲ್ಲಿ ಬರೆದ. 2016ರಲ್ಲಿ ಕಪ್ಪು ಮಸಿ ತಂದು ಬರೆದ. ಕೆರೆದ ಕಾಗದ ಮಸಿ ಹಿಡಿಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅದು ನಿಜವೂ ಇರಬಹುದು.

ಈ ವರ್ಷ ಅಂಗಳಕ್ಕೆ ಸಿಮೆಂಟು ಹಾಕುವುದೆಂದು ಆಯಿತು. ಹೊಸ ಕಂಬ, ಹೊಸ ಉಂಗುರ. ಆ ನೆಪದಲ್ಲಿ ತಂಡದ ಇತಿಹಾಸವನ್ನು ಬರೆದು ಪ್ರದರ್ಶನ ಮಾಡುವ ಕೆಲಸ ಇತಿಹಾಸ ಕಲಿಸುವ ಪೂಜಾ ಮೇಡಂಗೆ ಬಂತು. ಅಂದಾನೆಪ್ಪ ಅದೇ ತಿಂಗಳ ಕೊನೆಗೆ ನಿವೃತ್ತಿಯಾಗುವವನು.

“ಅಂಕಲ್, ತೊಂಬತ್ಮೂರರ ಫೈನಲ್ ಹಾಳಿ ಐತಂತಲ್ಲ ನಿಮ್ಮ ಹತ್ರ? ಅದನ್ನ ಗಾಜಿನ ಪೆಟ್ಟಿಗ್ಯಾಗ ನಡುವಿಗೆ ಇಡೋಣ. ಎಲ್ಲಾರೂ ಬಗ್ಗಿ ಬಗ್ಗಿ ನೋಡಬೇಕು.”

“ಹಳೇದ್ರೀ ಮೇಡಂ. ಹರಿದಿರಬೇಕು.”

“ನಿಮ್ಮ ಟ್ರಂಕನ್ಯಾಗ ಹರಿಯೂದುಂಟ? ಹುಡುಗರು ಹೇಳ್ತಾರ, ಅಂದಾನೆಪ್ಪ ಅಂಕಲ್ ಹರಿದ ಸಾಕ್ಸಿಗೂ ನಂಬರ್ ಹಾಕಿ ಇಟ್ಟಾರ ಅಂತ.”

ಅವಳು ನಕ್ಕು ಹೋದಳು. ಅಂದಾನೆಪ್ಪ ಟ್ರಂಕು ತೆಗೆದ. ಹಾಳೆ ಹರಿದಿರಲಿಲ್ಲ. ಏಳು ಇರಲಿಲ್ಲ. ಕಿಟಕಿಯ ಬೆಳಕಿಗೆ ಹಾಳೆ ಹಿಡಿದರೆ, ಬ್ಲೇಡು ತೆಳುವಾಗಿಸಿದ ಕಡೆ ಬೆಳಕು ಒಳಗೆ ಬಂತು. ಅದು ಒಂಬತ್ತರ ಆಕಾರದಲ್ಲಿ ಬಂತು.

ಆಗ ಹೊರಗೆ ಚೆಂಡು ಬಡಿದ ಸದ್ದಾಯಿತು. ಒಮ್ಮೆ. ಆಮೇಲೆ ಇನ್ನೊಮ್ಮೆ. ಅಂದಾನೆಪ್ಪ ಬಾಗಿಲಿಗೆ ಬಂದ. ಹಾಡಹಗಲು. ಕಂಬಗಳನ್ನು ಕಿತ್ತು ಮಲಗಿಸಿದ್ದರು, ಖಾದರನ ಉಂಗುರ ಜಲ್ಲಿ ಕಡಿಯ ರಾಶಿಯ ಮೇಲೆ ಬಿದ್ದಿತ್ತು. ಚೆಂಡುಗಳೆಲ್ಲ ಅವನ ಹಿಂದೆಯೇ ಬಲೆಯಲ್ಲಿ ಕಟ್ಟಿದ್ದವು. ಅಂಗಳದಲ್ಲಿ ಯಾರೂ ಇರಲಿಲ್ಲ. ಅವನು ಗೋಡೆಯ ಗಡಿಯಾರ ನೋಡಿದ. ನಾಲ್ಕು.

ಪೆನ್ನು ಕೈಯಲ್ಲಿತ್ತು. ಐದನೆಯ ಸಲ ಏಳು ಬರೆಯಬಹುದು. ಬರೆದರೆ ಆ ಸುಳ್ಳು ಗಾಜಿನೊಳಗೆ ಹೋಗಿ ತನ್ನ ಹೆಸರಿನಲ್ಲಿ ಶಾಶ್ವತವಾಗುತ್ತದೆ, ಕೀಲಿ ಕೊಟ್ಟು ಮನೆಗೆ ಹೋದ ಮೇಲೆ ತಿದ್ದಲು ತನಗೆ ಹಕ್ಕಿರುವುದಿಲ್ಲ. ಬರೆಯದಿದ್ದರೆ ಸಂಗನಬಸವ ಸರ್ ಅವರ ಮೂವತ್ತೆರಡು ವರ್ಷದ ಹೆಸರು ಅಳಿಸುತ್ತದೆ. ಅದೂ ಏನು ಹೇಳಿ? ಸತ್ತ ಹುಡುಗ ಬಂದಿದ್ದ ಎಂದೇ? ಅವನು ಪೆನ್ನನ್ನು ಕಿಸೆಗೆ ಸಿಕ್ಕಿಸಿದ. ಅವತ್ತು ಏನೂ ಬರೆಯಲಿಲ್ಲ.

ಮರುದಿನ ಪೂಜಾ ಮೇಡಂ ಕೊಟ್ರೇಶನ ಒಂದು ಫೋಟೋ ತರಲು ಅವನನ್ನು ಲಕ್ಕಲಕಟ್ಟಿಗೆ ಕಳಿಸಿದಳು. ಮೂವತ್ತೆರಡು ವರ್ಷಗಳಲ್ಲಿ ಅವನು ಆ ಮನೆಗೆ ಹೋಗಿರಲಿಲ್ಲ. ಸಂತೆಯಲ್ಲಿ ಕೊಟ್ರೇಶನ ತಾಯಿ ಶೇಖವ್ವ ಕಂಡರೆ ಬೇರೆ ದಾರಿ ಹಿಡಿಯುತ್ತಿದ್ದ.

ಶೇಖವ್ವ ಪಡಸಾಲೆಯಲ್ಲಿ ಕೂತು ಹೆಸರುಕಾಳು ಹಸನು ಮಾಡುತ್ತಿದ್ದಳು. ಎಪ್ಪತ್ತು ದಾಟಿದ್ದರೂ ಕಣ್ಣು ಚುರುಕು.

“ಜಕ್ಕಲಿ ಅಂದಾನೆಪ್ಪ ಅಲ್ಲೇನು? ನನ್ನ ಕಂಡ್ರ ಬಾಜಾರ ಬಿಟ್ಟ ಓಡಾಂವ, ಇವತ್ತ ಮನೀಗೇ ಬಂದಿ. ಬಾ, ಕುಂಡ್ರು. ಹಲ್ಲಿಲ್ಲ ನನಗ, ಕಚ್ಚೂದಿಲ್ಲ.”

ಅವನು ಫೋಟೋ ಕೇಳಿದ. ಶೇಖವ್ವ ಒಳಗೆ ಹೋಗಿ ಒಂದು ಚೌಕಟ್ಟನ್ನೂ ಒಂದು ಬಟ್ಟೆಯ ಗಂಟನ್ನೂ ತಂದಳು. ಗಂಟು ಬಿಚ್ಚಿದಳು. ಒಂಬತ್ತರ ಬನಿಯನ್ನು.

“ಇದೂ ನಿಮ್ಮ ಕಾಲೇಜಿಂದ. ಕೊಡಬೇಕಂತ ಭಾಳ ಸಲ ಅನಕೊಂಡೆ. ಹೊಲಸ ಆಗೇತಿ ಅಂತ ಕೊಡಲಿಲ್ಲ. ಒಗಿಯಾಕೂ ಮನಸ ಬರಲಿಲ್ಲ.”

“ಒಗದಿತ್ತಲ್ಲಬೇ,” ಎಂದ ಅಂದಾನೆಪ್ಪ. “ನಾ ಹಿಂದಿನ ದಿನಾ ಬಂದಾಗ ಬೆಳ್ಳಗ ಒಗದು ಗೂಟಕ್ಕ ಹಾಕಿದ್ದಿ.”

“ಒಗದಿದ್ದೆ. ಕೂಸಿಗೆ ಮಣ್ಣ ಕೊಟ್ಟ ಬಂದು ನೋಡ್ತೀನಿ, ಅದ ಗೂಟಕ್ಕ ಐತಿ, ಬೆನ್ನೆಲ್ಲಾ ತೊಯ್ದೇತಿ, ತುಂಬ ಕೆಂಪ ಮಣ್ಣು. ನಮ್ಮ ಹೊಲ, ಓಣಿ ಎಲ್ಲಾ ಎರಿ. ಕೆಂಪ ಮಣ್ಣ ಬೇಕಂದ್ರ ಗುಡ್ಡದ ಬುಡಕ ಹೋಗಬೇಕು. ಸಣ್ಣಾಂವ ರಾಯಣ್ಣ ಆವಾಗ ಹದಿನಾಕ ವರ್ಷದಾಂವ. ಅಣ್ಣನ ಬನೀನ ಅಂದ್ರ ಆಸಿ ಅವಂಗ. ಹೆಣಾ ಮನ್ಯಾಗಿದ್ದಾಗ ಇದನ್ನ ಹಾಕ್ಕೊಂಡ ಗುಡ್ಡದ ಕಡಿ ಆಡಾಕ ಹೋಗಿದ್ದ ಅಂತ ಹಿಡದು ಬಡದೆ. ಮೂರ ದಿನಾ ಕೂಳ ಹಾಕಲಿಲ್ಲ. ಇಲ್ಲಬೇ, ನಾ ಮುಟ್ಟಿಲ್ಲಬೇ ಅಂದ. ನಾ ಕೇಳಲಿಲ್ಲ. ಇವತ್ತಿಗೂ ಇಬ್ಬರ ನಡುವ ಅದೊಂದ ಐತಿ. ಉಣ್ಣಾಕ ಹಾಕ್ತೀನಿ, ಉಣ್ತಾನ. ಮಾತಿಲ್ಲ.”

ಅಂದಾನೆಪ್ಪ ಬನಿಯನ್ನನ್ನು ಕೈಗೆ ತೆಗೆದುಕೊಂಡ. ಗುಡ್ಡದ ಮಣ್ಣು ಅವನಿಗೆ ಗೊತ್ತು. ಅದು ಉರುಟು, ಮರಳು ಬೆರೆತದ್ದು, ಜಾಡಿಸಿದರೆ ಉದುರುತ್ತದೆ. ಇದು ಹಿಟ್ಟಿನಷ್ಟು ನುಣುಪು. ಬೆರಳಿಗೆ ಹತ್ತಿತು, ಉಜ್ಜಿದರೆ ಹೋಗಲಿಲ್ಲ. ಇದೇ ಕೆಂಪನ್ನು ಅವನು ತನ್ನ ಪೈಜಾಮದ ಅಂಚಿನಿಂದ ಮೂರು ಸಲ ತಿಕ್ಕಿದ್ದ. ಎದೆಯ ಭಾಗದಲ್ಲಿ ಒಂದು ಸುಣ್ಣದ ಗೆರೆಯೂ ಇತ್ತು, ಆಟದಂಗಳದ ಗೆರೆಯ ಮೇಲೆ ಬಿದ್ದು ಎದ್ದವರಿಗೆ ಹತ್ತುವಂಥದ್ದು.

“ಶೇಖವ್ವಾ,” ಎಂದ. ಬನಿಯನ್ನನ್ನು ಮಡಚಿ ಗಂಟಿನ ಬಟ್ಟೆಯ ಮೇಲೆ ಇಟ್ಟ. “ನಾ ಐತವಾರ ಬರ್ತೀನಿ. ಅಲ್ಲೀತನಕ ಇದನ್ನ ಯಾರಿಗೂ ಕೊಡಬ್ಯಾಡ.”

ಆ ಸಂಜೆ ಹುಡುಗರು ಹೋದ ಮೇಲೆ ಅವನು ಸಂಗನಬಸವ ಸರ್ ಮುಂದೆ ಹಾಳೆ ಬಿಚ್ಚಿಟ್ಟ. ಐವತ್ತಮೂರು ವರ್ಷದ ಸಂಗನಬಸವ ಈಗ ದಪ್ಪಗಾಗಿದ್ದ. ಗೋಡೆಯ ಮೇಲಿನ ಬರಹ ಅವನ ತಲೆಯ ಹಿಂದೆಯೇ ಇತ್ತು.

“ಏನ ಅಂದಾನಣ್ಣ, ಹೋಗೂ ಮುಂದ ನನ್ನ ಸ್ಕೋರ್ ಏರಸ್ತೀಯೇನು?”

“ಇಳಸಬೇಕಾಗೇತ್ರೀ ಸರ. ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಕಡೀ ಬಾಸ್ಕೆಟ್ ನೀವು ಹಾಕಿದ್ದನ್ನ ನೀವು ನೋಡೀರೇನು?”

ಸಂಗನಬಸವ ನಗಲು ಹೋದ. ನಗು ಅರ್ಧಕ್ಕೆ ನಿಂತಿತು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ.

“ಮೂವತ್ತೆರಡ ವರ್ಷಕ್ಕ ಕೇಳಿದಿ ನೋಡು,” ಎಂದ. “ನಾ ಬಿದ್ದಿದ್ದೆ, ಅಂದಾನಣ್ಣ. ಉಂಗುರದ ಬುಡಕ, ಮಾರಿ ತೆಳಗ ಮಾಡಿ. ಮೊಣಕಾಲ ಕೆತ್ತಿತ್ತು. ಏಳೂದ್ರಾಗ ಇವರೆಲ್ಲಾ ಬಂದು ಎತ್ತಿ ಹೆಗಲ ಮ್ಯಾಲ ಕುಂಡ್ರಿಸಿದ್ರು. ಯಾರೋ ಹಾಕಿರಬೇಕು, ಅವರ ಹೇಳ್ತಾರ ಬಿಡು ಅಂತ ಸುಮ್ಮ ಇದ್ದೆ. ಯಾರೂ ಹೇಳಲಿಲ್ಲ. ಆಮ್ಯಾಲ ಹಾಳಿ ನೋಡಿದ್ರ ನೀ ಏಳ ಬರದಿ. ನಿನ್ನ ಕೈ ತಪ್ಪೂದಿಲ್ಲ ಅಂತ ಸರ ಹೇಳತಿದ್ರು. ನೀ ಬರದೀ ಅಂದ ಮ್ಯಾಲ ನಾನ ಹಾಕಿರಬೇಕು ಅನಕೊಂಡೆ. ಈ ಗ್ವಾಡಿ ಕಡೆ ಬೆನ್ನ ಮಾಡಿ ಯಾಕ ಕುಂಡ್ರತೀನಿ, ಗೊತ್ತಾತ?”

ಅಂದಾನೆಪ್ಪ ಹಾಳೆಯನ್ನು ಕಿಟಕಿಗೆ ಹಿಡಿದು ತೋರಿಸಿದ. ಸಂಗನಬಸವ ಬೆಳಕಿನ ಒಂಬತ್ತನ್ನು ಬಹಳ ಹೊತ್ತು ನೋಡಿದ. ಬನಿಯನ್ನಿನ ಕೆಂಪಿನ ವಿಷಯ ಹೇಳಿದಾಗ ಮೊಣಕಾಲನ್ನು ಮೆಲ್ಲಗೆ ಉಜ್ಜಿಕೊಂಡ. ಹೊರಗೆ ಫ್ಯಾನುಗಳ ಸದ್ದು ಒಂದೇ ಸಮ ಕೇಳುತ್ತಿತ್ತು.

“ಬರಿ,” ಎಂದ ಕೊನೆಗೆ. “ಸರ ಹೇಳಿದಂಗ ಬರಿ.”

ಅಂದಾನೆಪ್ಪ ಕೈ ತೊಳೆದು ಬಂದು ಕೂತ. ಮಾಸಿದ ಏಳಿನ ಜಾಗದ ಮೇಲೆ ಅಡಿಕೋಲು ಇಟ್ಟು ಒಂದು ಗೆರೆ ಎಳೆದ. ಬಾಜುವಿಗೆ ಒಂಬತ್ತು ಬರೆದ. ಅಂಚಿನಲ್ಲಿ ‘ನಾನು ಕೆರೆದು ಏಳು ಮಾಡಿದ್ದೆ, ಅದು ತಪ್ಪು’ ಎಂದು ಬರೆದು ಸಹಿ ಹಾಕಿ, ಆ ದಿನದ ತಾರೀಖು ಹಾಕಿದ. ಕೆಳಗೆ ಸಂಗನಬಸವ ನಾಯಕನೆಂದು ಸಹಿ ಮಾಡಿದ. ಸಂಗನಬಸವನ ಮೊತ್ತ ಹದಿನೆಂಟು ಇದ್ದದ್ದು ಹದಿನಾರಾಯಿತು. ಕೊಟ್ರೇಶನ ಹೆಸರಿನ ಮುಂದೆ ಎರಡು ಬಂತು.

“ಈ ಚೌಕ ಖಾಲಿ ಐತಲ್ಲ? ಅಂಗಳಕ್ಕ ಇಳದದ್ದಕ್ಕ ಗುರ್ತ ಹಾಕೂದಿಲ್ಲೇನು?”

“ಇಲ್ರೀ ಸರ. ಅಂವ ಹಾಕಿದ್ದು ನಾ ನೋಡೀನಿ. ಒಳಗ ಬಂದದ್ದು ನೋಡಿಲ್ಲ.”

ಚೌಕ ಹಾಗೇ ಉಳಿಯಿತು. ಮರುದಿನ ಪೂಜಾ ಮೇಡಂ ಹಾಳೆಯನ್ನು ಓದಿದಳು, ಎರಡು ಸಲ ಅಂದಾನೆಪ್ಪನ ಮುಖ ನೋಡಿದಳು. ತಾನು ಬರೆದಿದ್ದ ಇತಿಹಾಸದಲ್ಲಿ ಒಂದು ಸಾಲನ್ನು ಹೊಡೆದಳು. ಸಂಗನಬಸವ ತಾನೇ ಸುಣ್ಣದ ಬ್ರಷ್ ತಂದು ಗೋಡೆಯ ಮೇಲಿನ ಬರಹವನ್ನು ಬಳಿದ.

ಐತವಾರ ಹೊತ್ತೇರುವಾಗ ಅಂದಾನೆಪ್ಪ ಲಕ್ಕಲಕಟ್ಟಿಗೆ ಹೋಗಿ, ಪಡಸಾಲೆಯಲ್ಲಿ ಕೂತು, ಆ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ ಹೇಳಿದ. ಬ್ಲೇಡಿನ ವಿಷಯವನ್ನೂ ಹೇಳಿದ. ಶೇಖವ್ವ ಅಳಲಿಲ್ಲ.

“ಯಾಳ್ಯಾ ಎಷ್ಟಾಗಿತ್ತು?” ಎಂದು ಕೇಳಿದಳು.

“ಆಟಾ ನಾಕಕ್ಕ ಚಾಲೂ ಆತು. ಅದು ಬಿದ್ದಾಗ ಐದರ ಮ್ಯಾಲ.”

“ನಾವು ಕುಣ್ಯಾಗ ಇಳಸೂ ಹೊತ್ತು,” ಎಂದಳು. “ಹಗರ ಅದಾನಲ್ಲ, ಹಗರ ಅದಾನಲ್ಲ ಅಂತ ಹೊತ್ತಾವರೆಲ್ಲಾ ಮಾತಾಡ್ಕೊಂಡ್ರು. ಬ್ಯಾನ್ಯಾಗ ಸೊರಗ್ಯಾನ ಅಂತ ತಿಳಕೊಂಡ್ವಿ.”

ಅವಳು ಹಿತ್ತಲಿನ ಕಡೆ ತಿರುಗಿ, ಎಷ್ಟೋ ವರ್ಷಗಳಿಂದ ಕರೆಯದವಳು ಕರೆದಂತೆ, ದನಿ ಸರಿಮಾಡಿಕೊಂಡು ಕರೆದಳು:

“ರಾಯಣ್ಣಾ. ಬಾರೋ ಇಲ್ಲೆ. ಒಂದ ಕೊಡಾ ನೀರ ತಾ, ನಮ್ಮಪ್ಪಾ.”

ನಲವತ್ತಾರರ ರಾಯಣ್ಣ ಕೊಡ ಹೊತ್ತು ಬಂದು, ಬನಿಯನ್ನನ್ನು ನೋಡಿ, ಬಾಗಿಲಲ್ಲೇ ನಿಂತ. ಬೆನ್ನು ತಾನಾಗಿ ಗೋಡೆಗೆ ಸರಿಯಿತು.

“ನೀ ಮುಟ್ಟಿರಲಿಲ್ಲ,” ಎಂದಳು ಶೇಖವ್ವ. “ನನ್ನ ತಪ್ಪಾತು. ಈ ಅಂದಾನೆಪ್ಪ ಬರಕೊಂಡ ಬಂದಾನ.”

ಅವಳು ಹಿತ್ತಲಿನ ಕಲ್ಲಿನ ಮೇಲೆ ಬನಿಯನ್ನನ್ನು ತಾನೇ ಒಗೆದಳು. ತನ್ನ ಪೈಜಾಮದಿಂದ ಮೂರು ಸಲ ಒಗೆದರೂ ಹೋಗದ ಕೆಂಪು ಇದು ಎಂದು ಅಂದಾನೆಪ್ಪ ಹೇಳಲಿದ್ದ, ಆದರೆ ನೀರು ಬಿದ್ದ ಕೂಡಲೇ ಅದು ಬಿಟ್ಟುಕೊಂಡಿತು. ಕಲ್ಲಿನಿಂದ ಇಳಿದ ಕೆಂಪು ನೀರು ಕರಿ ನೆಲದ ಬಿರುಕಿನೊಳಗೆ ಹೋಗಿ ಕಾಣದಾಯಿತು. ಬಟ್ಟೆ ಬೆಳ್ಳಗಾಯಿತು. ತಂತಿಯ ಮೇಲೆ ಉಳಿದ ಬಟ್ಟೆಗಳ ನಡುವೆ ಅದನ್ನು ಹಾಕಿದಳು.

“ಉಂಡ ಹೋಗು. ಒಣಗಿದ ಮ್ಯಾಲ ಒಯ್ಯುವಿಯಂತ.”

ಊಟವಾಯಿತು. ಅಂದಾನೆಪ್ಪ ಹಿತ್ತಲಿನ ಕಟ್ಟೆಯ ಮೇಲೆ ಕೂತು ಕಾದ. ಗಾಳಿ ಜೋರಾಗಿತ್ತು. ಗುಡ್ಡದ ಮೇಲಿನ ಫ್ಯಾನುಗಳೆಲ್ಲ ತಿರುಗುತ್ತಿದ್ದವು. ತಂತಿಯ ಮೇಲೆ ಸೀರೆ ಹಾರುತ್ತಿತ್ತು, ಧೋತರ ಹಾರುತ್ತಿತ್ತು, ಟವೆಲು ಸುತ್ತಿಕೊಂಡು ಬಿಚ್ಚಿಕೊಳ್ಳುತ್ತಿತ್ತು. ನಡುವೆ ಒಂಬತ್ತರ ಬನಿಯನ್ನು ಅಲುಗಾಡದೆ ನೆಟ್ಟಗೆ ಇಳಿಬಿದ್ದಿತ್ತು, ಎದೆಯ ಕಡೆ ಒಂದಿಷ್ಟು ತುಂಬಿಕೊಂಡು. ಮೂವರೂ ಅದನ್ನು ನೋಡಿದರು.

ನಾಲ್ಕರ ಸುಮಾರಿಗೆ ರಾಯಣ್ಣ ಎದ್ದು ತಂತಿಯ ಹತ್ತಿರ ಹೋದ. ಹದಿನಾಲ್ಕನೆಯ ವಯಸ್ಸಿನಲ್ಲಿ ಮುಟ್ಟದೇ ಬಡಿಸಿಕೊಂಡ ಬಟ್ಟೆಯನ್ನು ಅವನು ಮೊದಲ ಸಲ ಮುಟ್ಟಿದ. ಒಮ್ಮೆಲೇ ಎಳೆದುಕೊಳ್ಳಲಿಲ್ಲ. ಕೆಳ ಅಂಚನ್ನು ಎರಡೂ ಕೈಯಿಂದ ಮೆತ್ತಗೆ ಹಿಡಿದು, ಒಳಗಿದ್ದವನು ತೋಳು ಮೇಲೆತ್ತಲಿ ಎಂದು ಕಾಯುವವನ ಹಾಗೆ, ಸ್ವಲ್ಪ ಹೊತ್ತು ನಿಂತ. ಆಮೇಲೆ ಮೇಲಕ್ಕೆ ತೆಗೆದ.